ಬಿಳಿ ಗೆರೆಯಾಚೆ ಒಂದೂವರೆ ಮೀಟರು

"ಅಲ್ಲ ಮಾರಾಯ, ಕಾರಿದೆ, ಬಸ್ಸಿದೆ, ಈಗ ಸೇತುವೆ ಬೇರೆ ಆಗಿದೆ. ಇಷ್ಟೆಲ್ಲ ಇಟ್ಕೊಂಡು ನೀನು ಸೈಕಲ್ ತುಳ್ಕೊಂಡು ಹೊರಟಿದ್ದೀಯಲ್ಲ, ನಿಂಗೆ ಏನಾಗಿದೆ?"

2025ರ ಡಿಸೆಂಬರಿನ ಒಂದು ಬೆಳಿಗ್ಗೆ, ಸಾಗರದಲ್ಲಿ, ಚಿಕ್ಕಪ್ಪ ಕೇಳಿದ ಪ್ರಶ್ನೆ ಇದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿಕ್ಕಮ್ಮ ಕಟ್ಟಿಕೊಟ್ಟ ಅವಲಕ್ಕಿ ಪೊಟ್ಟಣವನ್ನು ಚೀಲಕ್ಕೆ ತುರುಕಿ, "ಸುಮ್ನೆ ಚಿಕ್ಕಪ್ಪಾ" ಎಂದು ಹೊರಟುಬಿಟ್ಟೆ. ಎರಡು ದಿನ ತುಳಿದು ಮರವಂತೆಯ ಮರಳಿನ ಮೇಲೆ ಸೈಕಲ್ ಮಲಗಿಸುವ ಹೊತ್ತಿಗೆ ಚಿಕ್ಕಪ್ಪನಿಗೆ ಹೇಳಲು ಒಂದಷ್ಟು ಮಾತು ಸೇರಿತ್ತು. ಅದರಲ್ಲಿ ಅರ್ಧ ಖುಷಿಯದ್ದು, ಅರ್ಧ ಸಿಟ್ಟಿನದ್ದು. ಎರಡನ್ನೂ ಇಲ್ಲಿ ಬರೆದು ಹಗುರಾಗೋಣ ಅಂತ.

ದಾರಿ ಇದು: ಸಾಗರ, ಆವಿನಹಳ್ಳಿ, ಹೊಳೆಬಾಗಿಲು, ಅಲ್ಲಿ ಶರಾವತಿ ಹಿನ್ನೀರು ದಾಟಿ ತುಮರಿ, ಬ್ಯಾಕೋಡು, ನಾಗೋಡಿ, ಘಟ್ಟ ಇಳಿದು ಕೊಲ್ಲೂರು, ಆಮೇಲೆ ಬೈಂದೂರು, ಮರವಂತೆ. ಕಾರಿನಲ್ಲಾದರೆ ಅರ್ಧ ದಿನದ ಕೆಲಸ. ನೀರು, ಗುಡ್ಡ, ಕಾಡು, ಘಟ್ಟ, ಕಡಲು ಎಲ್ಲ ಒಂದೇ ದಾರಿಯಲ್ಲಿ ಸಿಗುವ ಇಂಥ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ. ಸಾಗರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಮರವಂತೆ ಸಮುದ್ರದ ಪಕ್ಕದಲ್ಲೇ ಇದೆ. "ಹಾಗಾದ್ರೆ ಬರೀ ಇಳಿಜಾರು, ಕಾಲೆತ್ತಿಕೊಂಡು ಕೂತ್ರೆ ಆಯ್ತು" ಎಂದು ನನ್ನ ಜೊತೆ ಬಂದ ಗೆಳೆಯ ಮ್ಯಾಪ್ ನೋಡಿ ತೀರ್ಮಾನಿಸಿದ್ದ. ಬಯಲುಸೀಮೆಯವನು ಪಾಪ. ಮಲೆನಾಡಿನ ರಸ್ತೆ ಹಾಗೆ ನೇರವಾಗಿ ಇಳಿಯುವುದಿಲ್ಲ. ಒಂದು ಹಳ್ಳಕ್ಕೆ ಇಳಿಸುತ್ತದೆ, ಮತ್ತೆ ಒಂದು ದಿಬ್ಬ ಹತ್ತಿಸುತ್ತದೆ, ಮತ್ತೆ ಇನ್ನೊಂದು ಹಳ್ಳ. ಆವಿನಹಳ್ಳಿ ದಾಟುವಷ್ಟರಲ್ಲಿ ಅವನು ಮಾತು ನಿಲ್ಲಿಸಿದ್ದ!

ಆದರೂ ಆ ಬೆಳಗನ್ನು ಮರೆಯಲಾರೆ. ಡಿಸೆಂಬರ್ ಅಂದರೆ ಅಡಿಕೆ ಕೊಯ್ಲು. ಊರೂರಿನಲ್ಲೂ ಅಡಿಕೆ ಬೇಯಿಸುವ ಚೊಗರಿನ ವಾಸನೆ. ಆ ವಾಸನೆ ಬಂದರೆ ಮುಂದಿನ ತಿರುವಿನಲ್ಲಿ ಮನೆಯಿದೆ ಎಂದು ಅರ್ಥ, ವಾಸನೆ ಹೋಗಿ ತಣ್ಣನೆ ಗಾಳಿ ಮುಖಕ್ಕೆ ಬಡಿದರೆ ಕೆಳಗೆ ತೋಟವಿದೆ ಎಂದು ಅರ್ಥ. ಕಾರಿನ ಗಾಜು ಏರಿಸಿಕೊಂಡವರಿಗೆ ಇದೆಲ್ಲ ತಿಳಿಯುವುದಿಲ್ಲ. ಬೈಕಿನವರಿಗೆ ತಿಳಿಯುವಷ್ಟರಲ್ಲಿ ಊರು ದಾಟಿರುತ್ತದೆ. ನಡೆಯುವವರಿಗೆ ತಿಳಿಯುತ್ತದೆ, ಆದರೆ ಅವರು ಸಂಜೆಯಾದರೂ ಹೊಳೆಬಾಗಿಲಿಗೆ ತಲುಪುವುದಿಲ್ಲ. ಊರನ್ನು ನೋಡುವುದಕ್ಕೆ ಸರಿಯಾದ ವೇಗ ಗಂಟೆಗೆ ಹದಿನೈದು ಕಿಲೋಮೀಟರ್ ಎನ್ನುವುದು ನನ್ನ ಖಚಿತ ಅಭಿಪ್ರಾಯ.

*

ಹೊಳೆಬಾಗಿಲಿಗೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ನನ್ನ ಅತ್ತೆಯ ಮನೆ ಕರೂರು ಹೋಬಳಿಯಲ್ಲಿ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗುವುದೆಂದರೆ ಲಾಂಚು ಹತ್ತುವುದು. ಬಸ್ಸು, ಜೀಪು, ಹಾಲಿನ ಕ್ಯಾನು, ಗೊಬ್ಬರದ ಚೀಲ, ಮದುವೆ ದಿಬ್ಬಣ ಎಲ್ಲದರ ನಡುವೆ ಮಾವನ ಅಟ್ಲಾಸ್ ಸೈಕಲ್ ಹಿಡಿದುಕೊಂಡು ನಾನು. ಆ ಸೈಕಲ್ಲಿನಲ್ಲೇ ಒಳಪೆಡ್ಲು ಕಲಿತದ್ದು. ಸೀಟಿಗೆ ಕಾಲು ಎಟುಕುವುದಕ್ಕೆ ಮತ್ತೆ ಮೂರು ವರ್ಷ ಬೇಕಾಯಿತು. (ಅಂದ ಹಾಗೆ, ಅಟ್ಲಾಸ್ ಕಂಪನಿಯ ಕೊನೆಯ ಕಾರ್ಖಾನೆ ಸಾಹಿಬಾಬಾದಿನಲ್ಲಿ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ!)

ಈಗ ಅಲ್ಲಿ ಸೇತುವೆ. 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, 2.44 ಕಿಲೋಮೀಟರ್ ಉದ್ದ, ಕೇಬಲ್ಲಿನಿಂದ ಎಳೆದು ಕಟ್ಟಿದ್ದು. ಮೇಲೆ ನಿಂತರೆ ಎರಡೂ ಕಡೆ ನೀರು, ನೀರಿನ ನಡುವೆ ತಲೆ ಎತ್ತಿದ ಗುಡ್ಡಗಳು. ಲಿಂಗನಮಕ್ಕಿ ಅಣೆಕಟ್ಟೆ ಆದದ್ದು 1964ರಲ್ಲಿ. ತುಂಬಿದರೆ 1819 ಅಡಿ. ಅದಕ್ಕೂ ಮೊದಲು ಇದೇ ಹೊಳೆಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯನ್ನೇ ಈ ಹೊಸ ನೀರು ನುಂಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮತ್ತೆ ಮೇಲೆದ್ದು ನಿಲ್ಲುತ್ತದೆ. ಅಣೆಕಟ್ಟೆಯೇ ಮುಳುಗಿದ ಮೇಲೆ ಊರುಗಳ ಮಾತೇನು. ನಾಡಿಗೆಲ್ಲ ಕರೆಂಟು ಕೊಟ್ಟ ಜನ ಮುಂದಿನ ಅರವತ್ತು ವರ್ಷ ದಡದಲ್ಲಿ ನಿಂತು ಲಾಂಚಿಗೆ ಕಾದರು.

ಅದಕ್ಕೇ, "ಅಯ್ಯೋ ಲಾಂಚಿನ ಮಜಾ ಹೋಯ್ತಲ್ಲ" ಎಂದು ಯಾರಾದರೂ ಪ್ರವಾಸಿಗರು ಕೊರಗಿದರೆ ನನಗೆ ಮೈ ಉರಿಯುತ್ತದೆ. ನಿಮಗೆ ಅದು ಮಜಾ ಸ್ವಾಮಿ, ವರ್ಷಕ್ಕೊಂದು ಸಲ. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಮನೆಯಲ್ಲಿ ಹೆರಿಗೆ ನೋವು ಶುರುವಾದವರಿಗೆ ಅದು ಮಜಾ ಆಗಿರಲಿಲ್ಲ. ಸೇತುವೆ ಬಂದದ್ದು ಒಳ್ಳೆಯದಾಯಿತು. ಇನ್ನೂ ಮೊದಲೇ ಬರಬೇಕಿತ್ತು. ಈ ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ "ಇವನು ಅಭಿವೃದ್ಧಿ ವಿರೋಧಿ" ಎನ್ನುವವರು ಇದ್ದೇ ಇರುತ್ತಾರೆ.

*

ಸೇತುವೆ ಇಳಿದು, ತುಮರಿ ದಾಟಿ, ಒಂದು ಏರಿನಲ್ಲಿ ಏದುಸಿರು ಬಿಡುತ್ತಾ ಹೋಗುತ್ತಿದ್ದೆವು. ಮುಂದೆ ಒಬ್ಬಳು ಹುಡುಗಿ, ಯೂನಿಫಾರ್ಮು, ಬೆನ್ನಿಗೆ ಚೀಲ, ಹಳೆಯ ಲೇಡೀಸ್ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಳು. ಹಿಂದಿನಿಂದ ಹಾರನ್ ಕೇಳಿತು. ನಾವಿನ್ನೂ ತಿರುಗಿ ನೋಡುವಷ್ಟರಲ್ಲಿ ಅವಳು ಸೈಕಲ್ ಸಮೇತ ರಸ್ತೆ ಬಿಟ್ಟು ಚರಂಡಿಯ ಆಚೆ ಬದಿಗೆ ದಾಟಿ ನಿಂತಿದ್ದಳು. ಒಂದು ಟಿ.ಟಿ., ಹಿಂದೆಯೇ ಮೂರು ಕಾರು ಬುರ್ರನೆ ಹೋದವು. ಅವಳು ಮತ್ತೆ ಸೈಕಲ್ ಎತ್ತಿ ರಸ್ತೆಗಿಟ್ಟಳು. ಮತ್ತೆ ಹಾರನ್, ಮತ್ತೆ ಚರಂಡಿ.

ದಿಬ್ಬದ ಮೇಲೆ ಮಾತಾಡಿಸಿದೆ. ಸೈಕಲ್ ಅಕ್ಕನದಂತೆ. ಅಕ್ಕನಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರದಿಂದ ಕೊಟ್ಟದ್ದು. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006-07ರಲ್ಲಿ, ಕೋವಿಡ್ ಬಂದಾಗ ನಿಂತುಹೋಯಿತು. ಇವಳ ಪಾಲಿಗೆ ಅಕ್ಕನ ಸೈಕಲ್ಲೇ ಗತಿ. "ಏರಲ್ಲಿ ತಳ್ಕೊಂಡು ಹೋಗ್ತೀಯಾ, ಇಳೀಲಿ ಹತ್ತುತೀಯಾ?" ಅಂದೆ. "ಮೊದ್ಲು ಏರಲ್ಲೂ ತುಳೀತಿದ್ದೆ. ಈಗ ಆಗಲ್ಲ, ಏರಲ್ಲಿ ಸೈಕಲ್ ಹೊಯ್ದಾಡ್ತದಲ್ಲ, ಗಾಡಿಯವ್ರು ಬೈತಾರೆ" ಎಂದಳು. ಆಮೇಲೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಸೇತುವೆ ಆದ್ಮೇಲೆ ಅಮ್ಮ ಸೈಕಲ್ ಬೇಡ ಅಂತಾಳೆ. ಈ ವರ್ಷ ಮುಗೀಲಿ ಅಂದಿದೀನಿ."

ಯೋಚನೆ ಮಾಡಿ. ಸೇತುವೆ ಆ ಹುಡುಗಿಗೂ ಬೇಕು. ಅವಳು ನಾಳೆ ಸಾಗರದ ಕಾಲೇಜಿಗೆ ಹೋಗುವುದು ಅದರ ಮೇಲೇ. ಆದರೆ ಸೇತುವೆ ತಂದ ವಾಹನಗಳು ಅವಳ ಕೈಯಿಂದ ಸೈಕಲ್ ಕಸಿದುಕೊಳ್ಳುತ್ತಿವೆ. ಮೊದಲು ಲಾಂಚು ಒಂದೊಂದು ಸಲಕ್ಕೆ ಕೆಲವೇ ಗಾಡಿಗಳನ್ನು ಇಳಿಸುತ್ತಿತ್ತು. ಅವು ಹೋದ ಮೇಲೆ ರಸ್ತೆ ಮತ್ತೆ ಊರಿನವರದ್ದು. ಈಗ ಸಾಲು ನಿಲ್ಲುವುದಿಲ್ಲ. ರಸ್ತೆ ಬಹುಪಾಲು ಅದೇ, ಅಗಲ ಅಷ್ಟೇ. ಸೇತುವೆ ಕಟ್ಟುವಾಗ ಲೆಕ್ಕಕ್ಕೆ ಬಂದದ್ದು ದಾಟುವವರು. ಈಚೆಗೂ ಆಚೆಗೂ ಬದುಕುವವರು ಲೆಕ್ಕಕ್ಕೆ ಬರಲಿಲ್ಲ.

*

ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಅದು ಡಾಂಬರಿನ ಅಂಚು.

ಕಾರಿನಲ್ಲಿ ಹೋಗುವವರು ರಸ್ತೆಯ ನಡುವಿನ ಗೆರೆ ನೋಡುತ್ತಾರೆ. ಸೈಕಲ್ಲಿನವರು ನೋಡುವುದು ಅಂಚಿನ ಗೆರೆ. ನಮ್ಮ ಇಡೀ ಲೋಕ ಇರುವುದು ಅಂಚಿನ ಆ ಬಿಳಿ ಗೆರೆಯ ಆಸುಪಾಸಿನಲ್ಲಿ. ಅಲ್ಲಿ ಏನಾಗುತ್ತದೆ ಗೊತ್ತಾ? ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಹಾಕುತ್ತಾರೆ. ರಸ್ತೆ ಎರಡು ಇಂಚು ಮೇಲೇರುತ್ತದೆ. ಮುಂದಿನ ಸಲ ಮತ್ತೆರಡು ಇಂಚು. ಪಕ್ಕದ ಮಣ್ಣನ್ನು ಅದೇ ಮಟ್ಟಕ್ಕೆ ತುಂಬಿ ಗಟ್ಟಿ ಮಾಡಬೇಕು, ಮಾಡುವುದಿಲ್ಲ. ಮಾಡಿದರೂ ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಕೊಚ್ಚಿಹೋಗುತ್ತದೆ. ಉಳಿಯುವುದು ಅರ್ಧ ಅಡಿ ಎತ್ತರದ ಮೆಟ್ಟಿಲು. ಸೈಕಲ್ಲಿನ ಚಕ್ರ ಆ ಮೆಟ್ಟಿಲಿನಿಂದ ಒಮ್ಮೆ ಇಳಿದರೆ ಮುಗಿಯಿತು. ಮತ್ತೆ ಮೇಲೆ ಹತ್ತಿಸಲು ಹ್ಯಾಂಡಲ್ ತಿರುಗಿಸಿದರೆ ಚಕ್ರ ಅಂಚಿಗೆ ಉಜ್ಜಿಕೊಂಡು ಹತ್ತುವುದಿಲ್ಲ, ಸವಾರ ಮಾತ್ರ ರಸ್ತೆಯ ಕಡೆಗೇ ಬೀಳುತ್ತಾನೆ, ಹಿಂದೆ ಬರುವ ಗಾಡಿಯ ಕೆಳಗೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಎರಡನೆಯ ದಿನ, ಘಟ್ಟ ಇಳಿದ ಮೇಲೆ ಒಂದು ಕಡೆ, ಎದುರಿನಿಂದ ಒಂದು ಲಾರಿಯನ್ನು ಓವರ್‌ಟೇಕ್ ಮಾಡುತ್ತಾ ಬಂದ ಇನ್ನೊಂದು ಗಾಡಿ ನೇರ ನನ್ನ ಮುಖಕ್ಕೆ ಬಂತು. ಅಂಚಿಗೆ ಹೋದೆ, ಅಂಚು ಇರಲಿಲ್ಲ. ಮೊಣಕೈ, ಮೊಣಕಾಲು ತರಚಿತು, ಹ್ಯಾಂಡಲ್ ಸೊಟ್ಟಗಾಯಿತು. ನನ್ನ ಅದೃಷ್ಟಕ್ಕೆ ಹಿಂದಿನಿಂದ ಯಾರೂ ಬರುತ್ತಿರಲಿಲ್ಲ. ಪಕ್ಕದ ಗೂಡಂಗಡಿಯವರು ಓಡಿ ಬಂದು ಕೂರಿಸಿ, ನೀರು ಕೊಟ್ಟು, ಗಾಯ ತೊಳೆದರು. "ಹ್ವಾಯ್, ಹೆಲ್ಮೆಟ್ ಇತ್ತಲ್ದಾ, ಬಚಾವ್" ಎಂದರು. ಬನ್ಸು, ಚಾ ತಿನ್ನಿಸಿ ದುಡ್ಡು ತೆಗೆದುಕೊಳ್ಳಲಿಲ್ಲ. ಕುಂದಾಪುರದ ಕಡೆಯ ಆ "ಹ್ವಾಯ್"ಗೆ ನಾನು ಜೀವಮಾನವಿಡೀ ಋಣಿ. ಆದರೆ ಅಲ್ಲಿ ಕೂತಾಗ ನನಗೆ ಬಂದ ಯೋಚನೆ ನನ್ನ ಮೊಣಕೈಯದ್ದಲ್ಲ. ಆ ಹುಡುಗಿಗೆ ಹೆಲ್ಮೆಟ್ ಇರಲಿಲ್ಲ. ಅವಳು ಪ್ರತಿದಿನ ಎರಡು ಸಲ ಹೀಗೇ ಅಂಚಿಗೆ ಇಳಿಯುತ್ತಾಳೆ.

*

"ಈಗ ಸೈಕಲ್ ತುಳಿಯುವವರು ಯಾರಿದ್ದಾರೆ? ನಾಲ್ಕು ಜನಕ್ಕೋಸ್ಕರ ರಸ್ತೆ ಅಗಲ ಮಾಡೋದಾ?" ಇದು ಸಾಮಾನ್ಯವಾಗಿ ಬರುವ ವಾದ. ಇದಕ್ಕೆ ನನ್ನ ಉತ್ತರ ಲಾಂಚಿನಲ್ಲೇ ಇದೆ. ರಾತ್ರಿ ಹತ್ತು ಗಂಟೆಗೆ ಹೊಳೆಬಾಗಿಲಿನಲ್ಲಿ ನಿಂತು ಎಷ್ಟು ಜನ ಹೊಳೆ ದಾಟುತ್ತಾರೆ ಎಂದು ಎಣಿಸಿದ್ದರೆ ಸೊನ್ನೆ ಸಿಗುತ್ತಿತ್ತು. ಹಾಗಂತ ರಾತ್ರಿ ದಾಟುವ ಅಗತ್ಯವೇ ಯಾರಿಗೂ ಇಲ್ಲ ಎನ್ನಬಹುದಿತ್ತೇ? ಲಾಂಚೇ ಇರಲಿಲ್ಲ, ಅದಕ್ಕೇ ದಾಟಲಿಲ್ಲ. ಅಂಚೇ ಇಲ್ಲ, ಅದಕ್ಕೇ ಸೈಕಲ್ ತುಳಿಯುವುದಿಲ್ಲ. ಆ ತಾಯಿ ಮಗಳಿಗೆ ಬೇಡ ಎನ್ನುತ್ತಿರುವುದು ಸೈಕಲ್ ಹಳತಾಯಿತು ಅಂತಲ್ಲ, ಹೆದರಿಕೆಯಿಂದ.

ಎರಡನೆಯ ವಾದ, "ಹಾಗಾದರೆ ಸೈಕಲ್ಲನ್ನು ದೊಡ್ಡ ರಸ್ತೆಗೆ ಬಿಡಬೇಡಿ, ಅವರ ಒಳ್ಳೆಯದಕ್ಕೇ." ಇದು ಹೆಚ್ಚು ಅಪಾಯದ್ದು, ಯಾಕೆಂದರೆ ಕೇಳಲು ಕರುಣೆಯ ಹಾಗಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರಿನ ಜೊತೆ ಸೈಕಲ್ಲಿನಂಥ ವಾಹನಗಳನ್ನೂ ನಿಷೇಧಿಸಿದರು. ಅಲ್ಲಿ ಪಕ್ಕದಲ್ಲಿ ಸರ್ವೀಸ್ ರಸ್ತೆಯಾದರೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ, ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸೈಕಲ್ಲು, ಎತ್ತಿನ ಗಾಡಿ, ಪಾದಚಾರಿಗಳ ಓಡಾಟದ ಬಗ್ಗೆ ನಿಯಮ ಮಾಡುವ ಅಧಿಕಾರ ರಾಜ್ಯಗಳಿಗೆ ಸಿಕ್ಕಿದೆ. ಅದೇ ಅಧಿಕಾರದಿಂದ ಅವರನ್ನು ಕಾಪಾಡಲೂಬಹುದು, ಓಡಿಸಲೂಬಹುದು. ಸಾಗರದಿಂದ ಸಿಗಂದೂರಿನ ಮೇಲೆ ಹೋಗುವ ರಸ್ತೆಯೂ ಈಗ ರಾಷ್ಟ್ರೀಯ ಹೆದ್ದಾರಿ 369ಇ. ಕರೂರು ಹೋಬಳಿಯಲ್ಲಿ ಸರ್ವೀಸ್ ರಸ್ತೆ ಎಲ್ಲಿಂದ ಬರಬೇಕು? ಹಿಂದೆ ನೀರು, ಮುಂದೆ ಕಾಡು. ಇರುವುದು ಇದೊಂದೇ ರಸ್ತೆ.

ಕರಾವಳಿಯ ಹೆದ್ದಾರಿ 66ರಲ್ಲಿ ಇನ್ನೊಂದು ತಮಾಷೆ. ನಾಲ್ಕು ಪಥ, ನಡುವೆ ಡಿವೈಡರು. ಮನೆ ರಸ್ತೆಯ ಈಚೆ, ಅಂಗಡಿ ಆಚೆ. ಡಿವೈಡರಿನ ಬಾಯಿ ದೂರದಲ್ಲಿ. ಕಾರಿನವರಿಗೆ ಆ ದೂರ ಎರಡು ನಿಮಿಷ. ಮೀನಿನ ಬುಟ್ಟಿ ಕಟ್ಟಿಕೊಂಡ ಸೈಕಲ್ಲಿನವರು ಆ ಬಿಸಿಲಿನಲ್ಲಿ ಎದುರುಗಾಳಿಗೆ ತುಳಿದು ಹೋಗಿ ತಿರುಗಿ ಬರಬೇಕು. ಮಧ್ಯಾಹ್ನ ಆ ಕಡಲಗಾಳಿ ಹೇಗಿರುತ್ತದೆ ಎಂದು ತುಳಿದವರಿಗೇ ಗೊತ್ತು. ನೆಲ ಬೇಗ ಕಾದು, ಸಮುದ್ರದ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ, ಕಡಲು ಕಣ್ಣಿಗೆ ಬೀಳುವ ಮೊದಲೇ ಎದೆಗೆ ಕೈಯಿಟ್ಟು ತಳ್ಳಿದ ಹಾಗೆ. ಹಾಗಾಗಿ ಅವರು ವಿರುದ್ಧ ದಿಕ್ಕಿನಲ್ಲೇ ಬರುತ್ತಾರೆ. ಆಮೇಲೆ ನಾವೆಲ್ಲ "ನಮ್ಮ ಜನಕ್ಕೆ ಶಿಸ್ತಿಲ್ಲ" ಎನ್ನುತ್ತೇವೆ.

*

ನಮ್ಮವರಿಗೂ, ಅಂದರೆ ಗೇರಿನ ಸೈಕಲ್ಲು, ಬಣ್ಣದ ಬನಿಯನ್ನು ಹಾಕಿಕೊಂಡು ಭಾನುವಾರ ಹೊರಡುವವರಿಗೂ, ಒಂದು ಮಾತು ಹೇಳಬೇಕು. ನಾನೂ ಅದೇ ಜಾತಿ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಿ ಪದಕ ತಂದವನು. ನಮ್ಮ ಬೇಡಿಕೆಗಳು ಏನಿರುತ್ತವೆ? ನಗರದಲ್ಲಿ ಪ್ರತ್ಯೇಕ ಸೈಕಲ್ ಟ್ರ್ಯಾಕು, ಹಳ್ಳಿಯಲ್ಲಿ "ಸೈಕಲ್ ಪ್ರವಾಸೋದ್ಯಮ". ಮೊದಲನೆಯದರಲ್ಲಿ ಆರು ತಿಂಗಳಿಗೆ ಕಾರು ನಿಲ್ಲಿಸುತ್ತಾರೆ, ಎರಡನೆಯದರಲ್ಲಿ ಒಂದು ಬೋರ್ಡು, ಒಂದು ಉದ್ಘಾಟನೆ, ಮುಗಿಯಿತು. ನಾವು ಸೈಕಲ್ಲನ್ನು ಕಾರಿನ ಮೇಲೆ ಹೇರಿಕೊಂಡು ಬಂದು, ಎರಡು ದಿನ ತುಳಿದು, ಫೋಟೋ ಹಾಕಿ ಹೋಗುವವರು. ರಸ್ತೆ ಕೆಟ್ಟದ್ದಾದರೆ ಬೇರೆ ದಾರಿ ಹಿಡಿಯುತ್ತೇವೆ. ಆ ಹುಡುಗಿಗೆ ಬೇರೆ ದಾರಿಯಿಲ್ಲ. ಆದ್ದರಿಂದ ನಾವು ಕೇಳಬೇಕಾದದ್ದು ಅವಳಿಗೆ ಏನು ಬೇಕೋ ಅದನ್ನು. ಅವಳಿಗೆ ಸರಿಯಾದರೆ ನಮಗೂ ಸರಿಯಾಗುತ್ತದೆ.

ಬೇಕಾದದ್ದು ದೊಡ್ಡದೇನೂ ಅಲ್ಲ. ದ್ವಿಪಥ ಹೆದ್ದಾರಿಗೆ ಏಳು ಮೀಟರ್ ವಾಹನಗಳಿಗೆ, ಎರಡೂ ಬದಿಗೆ ಒಂದೂವರೆ ಮೀಟರ್ ಡಾಂಬರು ಹಾಕಿದ ಅಂಚು, ಒಟ್ಟು ಹತ್ತು ಮೀಟರ್ ಎನ್ನುವ ಮಾದರಿ ನಮ್ಮ ದೇಶದಲ್ಲೇ ಇದೆ. ಆ ಒಂದೂವರೆ ಮೀಟರ್ ಸಾಕು ಸ್ವಾಮಿ. ಎಲ್ಲ ಕಡೆ ಜಾಗ ಇಲ್ಲ, ಕಾಡು ಕಡಿಯಬಾರದು, ನಿಜ. ನಾನೂ ಅದನ್ನೇ ಹೇಳುತ್ತೇನೆ. ಘಟ್ಟದಲ್ಲಿ ಎರಡೂ ಬದಿ ಬೇಡ, ಹತ್ತುವ ಬದಿಗೆ ಮಾತ್ರ ಕೊಡಿ. ಇಳಿಯುವ ಸೈಕಲ್ಲು ಕಾರಿನಷ್ಟೇ ವೇಗದಲ್ಲಿ ಇಳಿಯುತ್ತದೆ, ಯಾರಿಗೂ ಅಡ್ಡಿಯಿಲ್ಲ. ಹತ್ತುವ ಸೈಕಲ್ಲು ಗಂಟೆಗೆ ಆರೇಳು ಕಿಲೋಮೀಟರಿನಲ್ಲಿ ಹೊಯ್ದಾಡುತ್ತದೆ, ಅದಕ್ಕೇ ಜಾಗ ಬೇಕು. ಅದೂ ಆಗದ ಕಡೆ ಕನಿಷ್ಠ ಡಾಂಬರಿನ ಅಂಚಿಗೆ ಮಣ್ಣು ತುಂಬಿ ಮಟ್ಟ ಮಾಡಿ, ಪ್ರತಿ ಮಳೆಗಾಲ ಮುಗಿದ ಮೇಲೆ. ಸಾಲು ಉಬ್ಬು ಹಾಕುವಾಗ ಅಂಚಿನಲ್ಲಿ ಒಂದು ಅಡಿ ಬಿಟ್ಟು ಹಾಕಿ. ಚರಂಡಿಯ ಮೇಲಿನ ಕಬ್ಬಿಣದ ಜಾಲರಿಯ ಸೀಳುಗಳನ್ನು ರಸ್ತೆಗೆ ಅಡ್ಡಲಾಗಿ ಇಡಿ, ಉದ್ದಕ್ಕಲ್ಲ, ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ.

ಇಂಗ್ಲೆಂಡಿನಲ್ಲಿ, ನಮ್ಮ ಹಾಗೇ ಮಳೆ ಸುರಿಯುವ ಲೇಕ್ ಡಿಸ್ಟ್ರಿಕ್ಟ್ ಎಂಬ ಕೆರೆ–ಗುಡ್ಡಗಳ ನಾಡಿದೆ. ಅಲ್ಲಿ ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿಗೆ ಸುಮಾರು 225 ಕಿಲೋಮೀಟರಿನ ಸೈಕಲ್ ದಾರಿಯೊಂದನ್ನು 1994ರಲ್ಲಿ ತೆರೆದರು. ಅದಕ್ಕೆ ಉದ್ದಕ್ಕೂ ಹೊಸ ರಸ್ತೆ ಕಟ್ಟಲಿಲ್ಲ. ಇದ್ದ ಸಣ್ಣ ಹಳ್ಳಿ ರಸ್ತೆಗಳು, ರೈಲು ನಿಂತುಹೋದ ಹಳೆಯ ಹಳಿಗಳ ಜಾಗ, ಅವನ್ನೇ ಜೋಡಿಸಿ ತಿರುವಿಗೊಂದು ಪುಟ್ಟ ಫಲಕ ನೆಟ್ಟರು. ನಮ್ಮಲ್ಲೂ ಹೆದ್ದಾರಿ ನೇರ ಮಾಡಿದಾಗ ಪಕ್ಕಕ್ಕೆ ಬಿದ್ದ ಹಳೆಯ ರಸ್ತೆಯ ತುಂಡುಗಳು ಎಷ್ಟಿವೆ! ಒಂದೊಂದರಲ್ಲೂ ಈಗ ಜಲ್ಲಿ ರಾಶಿ, ಕೆಟ್ಟುನಿಂತ ಲಾರಿ. ಅವನ್ನು ಗುಡಿಸಿ ಜೋಡಿಸಿದರೆ ಶಾಲೆಗೆ ಹೋಗುವ ಮಕ್ಕಳಿಗೆ ಅರ್ಧ ದಾರಿ ಸಿಕ್ಕಿತು.

*

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಎಲ್ಲರೂ ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ನಾನೂ ತೆಗೆದೆ, ಸೊಟ್ಟ ಹ್ಯಾಂಡಲ್ಲಿನ ಸೈಕಲ್ಲನ್ನು ಮುಂದಿಟ್ಟು :-) ಹಿಂದಿನ ದಿನ ಕಂಡಿದ್ದ ಕೊಡಚಾದ್ರಿ ಈಗ ಎಲ್ಲೋ ಮೋಡದ ಹಿಂದೆ. ಅಷ್ಟು ದೂರವನ್ನು ಎರಡು ಕಾಲಿನಿಂದ ತುಳಿದು ಬಂದೆ ಎಂಬ ಹೆಮ್ಮೆ, ಸುಳ್ಳೇಕೆ ಹೇಳಲಿ, ಇತ್ತು.

ರಾತ್ರಿ ಚಿಕ್ಕಪ್ಪ ಫೋನ್ ಮಾಡಿದರು. "ತಲುಪಿದ್ಯಾ? ಬಿದ್ಯಂತೆ?" ಗೆಳೆಯ ಆಗಲೇ ಸುದ್ದಿ ಮುಟ್ಟಿಸಿದ್ದ. ಅಂಚಿನ ಕಥೆಯನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಹೈಸ್ಕೂಲಿಗೆ ಹೋಗುವಾಗ ದಿನಾ ಹದಿನಾರು ಕಿಲೋಮೀಟರ್ ತುಳೀತಿದ್ದೆ ಗೊತ್ತಾ? ನನ್ನಪ್ಪ ಒಂದು ದಿನಾನೂ ಹುಷಾರು ಅಂತ ಹೇಳಿ ಕಳಿಸಿರ್ಲಿಲ್ಲ. ಹೇಳೋ ಅಂಥದ್ದು ಏನೂ ಇರ್ಲಿಲ್ಲ ರಸ್ತೇಲಿ" ಎಂದರು.

ಅಷ್ಟೇ. ನಾನು ಎರಡು ಸಾವಿರ ಪದದಲ್ಲಿ ಹೇಳಿದ್ದನ್ನು ಅವರು ಒಂದು ಉಸಿರಿನಲ್ಲಿ ಹೇಳಿದರು. ಮಗಳನ್ನು ಸೈಕಲ್ ಹತ್ತಿಸಿ ಕಳಿಸಿದ ತಾಯಿ ಬಾಗಿಲಲ್ಲಿ ನಿಂತು ಭಯಪಡಬೇಕಾಗಿಲ್ಲದಿದ್ದರೆ ಅದು ಒಳ್ಳೆಯ ರಸ್ತೆ. ಎಷ್ಟು ಪಥ, ಎಷ್ಟು ವೇಗ, ಎಷ್ಟು ಕೋಟಿ, ಅದೆಲ್ಲ ಆಮೇಲಿನ ಮಾತು.

ನಿಮ್ಮೂರಿನ ರಸ್ತೆಯಲ್ಲಿ ಆ ಬಿಳಿ ಗೆರೆಯ ಆಚೆ ಏನಿದೆ? ಮುಂದಿನ ಸಲ ಊರಿಗೆ ಹೋದಾಗ ಕಾರು ನಿಲ್ಲಿಸಿ, ಇಳಿದು, ಒಮ್ಮೆ ನೋಡಿ ಬನ್ನಿ.